ಆರು ಬಲಿ, ಎಲ್ಲರೂ ಕ್ಷೇಮ

ಇಪ್ಪತ್ತೆರಡು ವರ್ಷ ಸುದ್ದಿಮನೆಯಲ್ಲಿ ಕೂತವನಿಗೆ ಸಿಟ್ಟು ಬರಬಾರದು. ನನಗೂ ಬರುತ್ತಿರಲಿಲ್ಲ, ‘ಬಲಿ’ ಎಂಬ ಪದವೊಂದನ್ನು ಬಿಟ್ಟರೆ.

ಮೊದಲ ಪುಟದಲ್ಲಿ ‘ಬಸ್ ಉರುಳಿ ಮೂವರು ಬಲಿ’. ಅದೇ ದಿನ ಕ್ರೀಡಾಪುಟದಲ್ಲಿ ‘ಸ್ಪಿನ್ ದಾಳಿಗೆ ಮೂವರು ಬಲಿ’. ಮೊದಲಿನ ಮೂವರ ಮನೆಯಲ್ಲಿ ಒಲೆ ಹೊತ್ತಿಲ್ಲ. ಎರಡನೆಯ ಮೂವರು ಪೆವಿಲಿಯನ್ನಿನಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದಾರೆ. ಇವರಿಗೂ ಅವರಿಗೂ ಒಂದೇ ಪದವೇ? ನಾಚಿಕೆಯಾಗಬೇಕು!

ಕನ್ನಡ ನಾಡಿನ ಗಡಿಯಾಚೆ, ಅಬಿಡ್ಸ್‌ನಲ್ಲಿರುವ ನಮ್ಮ ಕನ್ನಡ ಪತ್ರಿಕೆಯ ಕಚೇರಿಯಲ್ಲಿ ನಾನು ಸುದ್ದಿ ಸಂಪಾದಕ. ಕ್ರೀಡಾಪುಟದ ಪ್ರಹ್ಲಾದನನ್ನು ಕರೆದು ಜಾಡಿಸಿದೆ. ಎರಡೇ ಅಕ್ಷರ ಸರ್, ಎಷ್ಟು ಇಕ್ಕಟ್ಟಿದ್ದರೂ ಹಿಡಿಸುತ್ತದೆ ಎಂದ. ಜಾಗ ಸಾಲದು ಎಂದು ಜೀವಂತ ಮನುಷ್ಯರನ್ನು ಕೊಲ್ಲುವುದೇ? ಅಷ್ಟಕ್ಕೇ ಬಿಡದೆ ಓದುಗರಿಗೇ ಪ್ರಕಟಣೆ ಕೊಟ್ಟೆ: ‘ಇನ್ನು ಮುಂದೆ ಈ ಪತ್ರಿಕೆಯಲ್ಲಿ ಬಲಿ ಎಂದರೆ ಸಾವು. ಸಾವು ಮಾತ್ರ.’

ಮುಂದಿನ ಭಾನುವಾರ ಪ್ರಹ್ಲಾದ ರಜೆ. ಮಿಯಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ನಮ್ಮ ಕಡೆಯ ಕಾರ್ಮಿಕರ ಎರಡು ತಂಡಗಳು ಕ್ರಿಕೆಟ್ ಆಡಿದ್ದವು. ಯಾದಗಿರಿ ಕಡೆಯ ಗೌಂಡಿ ಶರಣಪ್ಪ ಆರು ವಿಕೆಟ್ ಕಿತ್ತಿದ್ದ. ಕ್ರೀಡಾಪುಟ ತುಂಬಿತ್ತು. ಸ್ಥಳೀಯ ಪುಟದಲ್ಲಿ, ಲಾರಿ ಅಪಘಾತದ ಕೆಳಗೆ, ಒಂದು ಕಾಲಂ ಜಾಗ ಸಿಕ್ಕಿತು. ‘ಶರಣಪ್ಪನಿಗೆ ಆರು ವಿಕೆಟ್’ ಎಂದು ಹಾಕಿದೆ. ಹಿಡಿಸಲಿಲ್ಲ. ಅಕ್ಷರ ಸಣ್ಣದು ಮಾಡಿದೆ. ಆಗಲೂ ಇಲ್ಲ. ಮುದ್ರಣದವರು ಪುಟಕ್ಕಾಗಿ ಕೂಗುತ್ತಿದ್ದರು. ಕೈ ತಾನೇ ಹೊಡೆಯಿತು: ‘ಶರಣಪ್ಪಗೆ ಆರು ಬಲಿ’.

ಅಳತೆ ಮಾಡಿ ಹೊಲಿದಂತೆ ಕೂತಿತು!

ಮರುದಿನ ಬೆಳಿಗ್ಗೆ ಶರಣಪ್ಪ ನಾರಾಯಣಗೂಡದ ನಮ್ಮ ಮನೆ ಬಾಗಿಲಲ್ಲಿದ್ದ, ಕೈಯಲ್ಲಿ ಪತ್ರಿಕೆ. ಶುಕ್ರವಾರ ಅವನ ನಿಶ್ಚಿತಾರ್ಥವಂತೆ. ನಮ್ಮ ಪತ್ರಿಕೆ ಹೋಗುವ ಅವನ ಊರಲ್ಲಿ ಹೆಣ್ಣಿನ ತಂದೆ, ಲಾರಿ ಅಪಘಾತದ ಕೆಳಗಿನ ತಲೆಬರಹವನ್ನಷ್ಟೇ ಓದಿ ಮದುವೆಯ ಮಾತು ಮುರಿದಿದ್ದರು.

“ನೀವರ ಫೋನ್ ಹಚ್ಚಿ ಹೇಳ್ರಿ ಸಾಹೇಬ್ರ,” ಎಂದ. “ನಾ ಹೇಳಿದ್ರ ನಂಬವಲ್ರು.”

ನನ್ನ ಹೆಂಡತಿ ಸುಮಂಗಲಾ ಅವನಿಗೆ ಚಹಾ ಕೊಟ್ಟು, ನನ್ನ ಕೈಗೆ ಫೋನ್ ಕೊಟ್ಟಳು. ನಾನು ಹೆಣ್ಣಿನ ತಂದೆಗೆ, ಇದು ಆಟದ ಭಾಷೆ, ಬಲಿ ಎಂದರೆ ಇಲ್ಲಿ ಔಟ್ ಎಂದರ್ಥ ಎಂದು ಗಂಭೀರವಾಗಿ ವಿವರಿಸಿದೆ.

“ಬಲಿ ಅಂದ್ರ ಸಾವು ಮಾತ್ರ ಅಂತ ಮೊನ್ನೆ ನೀವ ಬರದೀರಲ್ರಿ,” ಎಂದರು ಅವರು. “ಕತ್ತರಿಸಿ ಇಟಗೊಂಡೀನಿ. ಆರು ಮಂದೀನ್ನ ಕೊಂದಾಂವಗ ಮಗಳನ್ನ ಹೆಂಗ ಕೊಡ್ಲಿ?”

ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಬರಹವನ್ನು ಕತ್ತರಿಸಿ ಇಟ್ಟುಕೊಂಡ ಮೊದಲ ಓದುಗ!

ಸತ್ತವರನ್ನೇ ಹಾಜರುಪಡಿಸುವುದೆಂದು ತೀರ್ಮಾನಿಸಿ ಮಿಯಾಪುರಕ್ಕೆ ಮೆಟ್ರೊ ಹತ್ತಿದೆ. ಆರೂ ಜನರನ್ನು ಸಿಮೆಂಟ್ ಚೀಲಗಳ ಮುಂದೆ ನಿಲ್ಲಿಸಿ ಫೋಟೊ ತೆಗೆಯುವಾಗ ಕೊನೆಯವನು ಪಕ್ಕಕ್ಕೆ ಸರಿದ. “ನಾ ರನ್ ಔಟ್‌ರಿ. ಈ ಶರಣ್ಯಾಗ ನಾ ಎಂದೂ ಔಟ್ ಆಗಾಂವಲ್ಲ.”

ಪದವೂ ತಪ್ಪು, ಲೆಕ್ಕವೂ ತಪ್ಪು. ಈಗ ನಿಜವಾದ ಸಿಟ್ಟು ಬಂತು. ಆದರೆ ಜಾಡಿಸಿಕೊಳ್ಳಬೇಕಾದವನು ನಾನೇ ಆಗಿದ್ದೆ.

ಅವನನ್ನು ಗೋಗರೆದು ನಿಲ್ಲಿಸಿ ಫೋಟೊ ಕಳಿಸಿದೆ. ಹೆಣ್ಣಿನ ತಂದೆ ಒಂದು ಷರತ್ತಿನ ಮೇಲೆ ಒಪ್ಪಿದರು: ಇದು ಪತ್ರಿಕೆಯಲ್ಲೇ ಬರಬೇಕು. ಆ ತಿದ್ದುಪಡಿಯನ್ನು ನಾನೇ ಬರೆದೆ, ನಾಲ್ಕು ಸಲ ಓದಿದೆ. ವಿಕೆಟ್ ಆರಲ್ಲ, ಐದು, ಎಲ್ಲರೂ ಕ್ಷೇಮ, ಶರಣಪ್ಪ ನಿರಪರಾಧಿ. ಕೊನೆಗೆ ಘನತೆಯಿಂದ ಒಂದು ವಿಷಾದದ ಸಾಲನ್ನೂ ಸೇರಿಸಿದೆ.

ಶುಕ್ರವಾರ ಬೆಳಿಗ್ಗೆ ತಿದ್ದುಪಡಿ ಅಚ್ಚಾಗಿ ಬಂತು. ಏಳು ಗಂಟೆಗೆ ಊರಿನಿಂದ ಫೋನ್.

“ಆರೂ ಮಂದಿ ಉಳದಾರ, ಭಾಳ ಚಲೋ ಆತ್ರಿ,” ಎಂದರು ಹೆಣ್ಣಿನ ತಂದೆ. ಆಮೇಲೆ ದನಿ ತಗ್ಗಿಸಿದರು. “ಆದ್ರ ಈ ನಿಖರತಾ ಅನ್ನಾಕಿ ಯಾರ್ರಿ? ಹುಡುಗಗ ಏನಾಗಬೇಕಾಗಿತ್ತು?”

ಅರ್ಥವಾಗದೆ ಸುಮಂಗಲಾಳ ಮುಖ ನೋಡಿದೆ. ಅವಳು ಪತ್ರಿಕೆಯನ್ನು ನನ್ನತ್ತ ತಿರುಗಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು:

‘ಆತುರಕ್ಕೆ ನಿಖರತೆ ಬಲಿಯಾಗಿದ್ದಕ್ಕೆ ವಿಷಾದಿಸುತ್ತೇವೆ.’