ಬಾಯಲ್ಲಿ ಗುಂಡುಸೂಜಿ

ಛಾಯಾಚಿತ್ರ ಕಲೆಯ ಸ್ನಾತಕೋತ್ತರ ವಿಭಾಗವು ಛಾಯಾಚಿತ್ರಗಳಿಗೆ ಅಂಕ ಕೊಡುವ ಪದ್ಧತಿಯನ್ನು ಕೈಬಿಟ್ಟು ಬಹಳ ಕಾಲವಾಗಿದೆ. ಇದರಿಂದ ಕಲೆಗೆ ಯಾವ ತೊಂದರೆಯೂ ಆಗಿಲ್ಲವೆಂದು ವಿಭಾಗದ ಮುಖ್ಯಸ್ಥರು ವಾರ್ಷಿಕ ವರದಿಯಲ್ಲಿ ಖಚಿತಪಡಿಸಿದ್ದಾರೆ. ಈಗ ಅಂಕವೆಲ್ಲ ಆತ್ಮಾವಲೋಕನಕ್ಕೆ. ಅಂದರೆ, ಫೋಟೋ ಏಕೆ ತೆಗೆದೆ, ತೆಗೆಯುವಾಗ ಒಳಗೆ ಏನೇನಾಯಿತು, ತೆಗೆಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ವಿದ್ಯಾರ್ಥಿ ಬರೆದುಕೊಡಬೇಕು. ನೋಡಿದ ಕೂಡಲೇ ಅರ್ಥವಾಗುವ ಫೋಟೋ ಅವಲೋಕನಕ್ಕೆ ಅನರ್ಹವೆಂದು ನಿಯಮಾವಳಿ ಹೇಳುತ್ತದೆ.

ಇಂಥ ಘನ ವಿಭಾಗದಲ್ಲಿದ್ದುಕೊಂಡು ದರ್ಜಿಯ ಮಗಳು ಎಲ್ಲರಿಗೂ ಅರ್ಥವಾಗುವ ಫೋಟೋ ತೆಗೆದುಬಿಟ್ಟಳು.

ಫೋಟೋದಲ್ಲಿದ್ದದ್ದು ಅವಳಪ್ಪ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಗಿರಾಕಿಯ ಕೋಟಿನ ತೋಳು ಸರಿಮಾಡುತ್ತಾ, ಆ ಗಿರಾಕಿ ಹೇಳಿದ ಯಾವುದೋ ತಮಾಷೆಗೆ ನಗಲೂ ಆಗದೆ ತಡೆಯಲೂ ಆಗದೆ ಒದ್ದಾಡುತ್ತಿದ್ದ ಮುಖ. ನೋಡಿದವರೆಲ್ಲ ನಕ್ಕರು. ಕ್ಯಾಂಟೀನಿನವನು ನಕ್ಕ, ಕಸ ಗುಡಿಸುವಾಕೆಯೂ ಪೊರಕೆ ಊರಿ ನಿಂತು ನಕ್ಕಳು. ಅಲ್ಲಿಗೆ ಹುಡುಗಿಯ ಗ್ರಹಚಾರ ಕೆಟ್ಟಿತು.

"ಎಲ್ಲರೂ ನಕ್ಕರಂತೆ?" ಮಾರ್ಗದರ್ಶಕಿ ಮೇಡಂ ಬಾಗಿಲು ಮುಚ್ಚಿ ಕೇಳಿದರು.

"ಹೌದು ಮೇಡಂ."

"ಯಾಕಮ್ಮ ಹೀಗೆ ಮಾಡ್ಕೊಂಡೆ? ಅವಲೋಕನದಲ್ಲಿ ಏನು ಬರೆದಿದ್ದೀಯ?"

"ಅಪ್ಪ ಚೆನ್ನಾಗಿ ಕಂಡ್ರು, ತೆಗೆದೆ ಅಂತ."

ಮೇಡಂ ಹಣೆ ಒತ್ತಿಕೊಂಡರು. "ಅಪ್ಪ ಅನ್ನಬೇಡ. 'ಬಾಗಿದ ಒಂದು ದೇಹ' ಅಂತ ಬರಿ. ಸೂಜಿ ಅಂತಾನೂ ಬೇಡ, 'ಲೋಹದ ಅಸ್ತಿತ್ವ' ಅನ್ನು. ಕತ್ತಲಪ್ಪನ್ನ ನೋಡಿ ಕಲಿ."

ಕತ್ತಲಪ್ಪ ಅವಳ ಸಹಪಾಠಿ. ಹಳೇ ಫಿಲ್ಮ್ ಕ್ಯಾಮೆರಾದ ಲೆನ್ಸಿನ ಮುಚ್ಚಳ ತೆಗೆಯಲು ಮರೆತು ಇಡೀ ಸೆಮಿಸ್ಟರ್ ಫೋಟೋ ತೆಗೆದ ಮಹಾನುಭಾವ. ಆ ಕಪ್ಪು ಚಿತ್ರಗಳ ಮೇಲೆ ದಪ್ಪನೆಯ ಅವಲೋಕನ ಬರೆದು ಪದಕ ಹೊಡೆದಿದ್ದ. ಮುಚ್ಚಳ ತೆಗೆಯಬೇಕೆಂದು ಈಗ ಅವನಿಗೂ ಗೊತ್ತು. ಆದರೆ ಪದಕದ ಮರ್ಯಾದೆಗೋಸ್ಕರ ತೆಗೆಯುವುದಿಲ್ಲ.

ದರ್ಜಿಯ ಮಗಳಿಗೆ ಪದಕದ ಹುಚ್ಚಿರಲಿಲ್ಲ. ವರ್ಷದ ಕೊನೆಯ ಪ್ರದರ್ಶನದಲ್ಲಿ ಅಪ್ಪನ ಫೋಟೋ ಗೋಡೆಯ ಮೇಲಿರಬೇಕು, ಅಪ್ಪ ಬಂದು ಅದರ ಮುಂದೆ ನಿಲ್ಲಬೇಕು, ಅಷ್ಟೇ ಆಸೆ. ಕಂಡವರಿಗೆಲ್ಲ ಕೋಟು ಹೊಲಿದ ಆ ಮನುಷ್ಯ ತನಗೆಂದು ಒಂದು ಹೊಲಿದುಕೊಂಡದ್ದೇ ಆ ದಿನಕ್ಕಾಗಿ. ಬಂದ ಗಿರಾಕಿಗಳಿಗೆಲ್ಲ, "ನನ್ನನ್ನ ಗೋಡೆ ಮೇಲೆ ಹಾಕ್ತಾರಂತೆ ಸ್ವಾಮಿ" ಎಂದು ಹೇಳಿ ಮುಗಿಸಿದ್ದರು.

ಅವಳು ಹಲ್ಲು ಕಚ್ಚಿಕೊಂಡು ಬರೆದಳು. ಪ್ರದರ್ಶನದ ಸಮಿತಿ ಖುಷಿಪಟ್ಟು ಇನ್ನಷ್ಟು ಬರೆಯಲು ಹೇಳಿತು. ಫೋಟೋದ ಪಕ್ಕ ತೂಗುಹಾಕಬೇಕಾದ ಅವಲೋಕನ ಬೆಳೆಯಿತು, ಗೋಡೆ ಬೆಳೆಯಲಿಲ್ಲ. ಜಾಗಕ್ಕಾಗಿ ಅಪ್ಪನ ಫೋಟೋವನ್ನು ಮೊದಲು ಅಂಗೈಯಷ್ಟು ಮಾಡಿದರು, ಆಮೇಲೆ ಅಂಚೆಚೀಟಿಯಷ್ಟು. ಪ್ರದರ್ಶನದ ಹಿಂದಿನ ದಿನ ಸುತ್ತೋಲೆ ಬಂತು:

"ಗೋಡೆಯ ಮೇಲಿನ ಛಾಯಾಚಿತ್ರಗಳು ಓದುಗರ ಗಮನವನ್ನು ಬೇರೆಡೆಗೆ ಸೆಳೆಯುತ್ತಿರುವುದು ಸಮಿತಿಯ ಗಮನಕ್ಕೆ ಬಂದಿರುವುದರಿಂದ, ಛಾಯಾಚಿತ್ರ ಪ್ರದರ್ಶನದಿಂದ ಅವುಗಳನ್ನು ಈ ಕೂಡಲೇ ತೆರವುಗೊಳಿಸತಕ್ಕದ್ದು. ಪ್ರದರ್ಶನವು ಎಂದಿನಂತೆ ನಡೆಯುವುದು."

ಎಂದಿನಂತೆ ನಡೆಯಿತು. ಅಪ್ಪ ಹೊಸ ಕೋಟು ತೊಟ್ಟು ಬಂದರು. ಅಂಗಡಿಯ ಅಭ್ಯಾಸ, ಕೋಟಿನ ಅಂಚಿಗೆ ಸಾಲು ಗುಂಡುಸೂಜಿ. ಗೋಡೆಯಿಂದ ಗೋಡೆಗೆ ಓಡಾಡಿ ಹುಡುಕಿದರು.

"ನಾನೆಲ್ಲಮ್ಮಾ?"

"ಇಲ್ಲೇ ಅಪ್ಪ. ಇದೇ."

ಅಪ್ಪ ಕನ್ನಡಕ ಏರಿಸಿ ಓದಿದರು. ಬಾಗಿದ ದೇಹ, ಲೋಹದ ಅಸ್ತಿತ್ವ. "ಇದು ನಾನಾ?" ಎಂದರು. ಅವಳು ಹೂಂಗುಟ್ಟಿದಳು. "ಸರಿ ಬಿಡು. ಅಕ್ಷರ ದುಂಡಗಿದೆ," ಎಂದು ಅವಳ ಬೆನ್ನು ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೆನ್ನು ತಟ್ಟಿದ್ದಕ್ಕೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮುಖ್ಯಸ್ಥರು ಅತ್ತ ಬಂದರು. ಅವರ ಕೋಟಿನ ಅಂಚು ಹೊಲಿಗೆ ಬಿಚ್ಚಿ ಜೋತಾಡುತ್ತಿತ್ತು. ಅಪ್ಪನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. "ಒಂದ್ನಿಮಿಷ ಸಾರ್" ಎಂದವರೇ ಸೂಜಿಗಳನ್ನು ಕಿತ್ತು ತುಟಿಗೆ ಕಚ್ಚಿಕೊಂಡು ಮಂಡಿಯೂರಿ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಕಂಡದ್ದು ಇದನ್ನು.

"ಇದರ ಮೂಲಕ ನೀವು ಏನು ಹೇಳಬೇಕೆಂದಿದ್ದೀರಿ?" ಪರೀಕ್ಷಕರು ಅಪ್ಪನನ್ನೇ ಕೇಳಿದರು.

ಬಾಯಿ ಬಿಟ್ಟರೆ ಸೂಜಿ ಬೀಳುತ್ತದೆ, ನುಂಗಿದರೆ ಜೀವ ಹೋಗುತ್ತದೆ. ಅಪ್ಪ ಉಸಿರೆತ್ತಲಿಲ್ಲ. ಪರೀಕ್ಷಕರು ಮತ್ತೆ ಕೇಳಿದರು. ಅಪ್ಪ ಕಣ್ಣರಳಿಸಿ ನೋಡಿದರು, ಅಷ್ಟೇ.

"ಇಷ್ಟು ಆಳವಾದ ಅವಲೋಕನವನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ," ಎಂದು ಪರೀಕ್ಷಕರು ಕರವಸ್ತ್ರ ತೆಗೆದರು. ಅಂಚಿಗೆ ಸೂಜಿ ಚುಚ್ಚುವುದು ಇನ್ನೂ ಅರ್ಧ ಬಾಕಿಯಿದ್ದುದರಿಂದ ಮುಖ್ಯಸ್ಥರು ಅಲುಗದೆ ನಿಂತೇ ಚಪ್ಪಾಳೆ ತಟ್ಟಿದರು.

"ಸಾರ್, ಅವರು ನಮ್ಮಪ್ಪ," ಎಂದಳು ಮಗಳು.

"ಮತ್ತೆ ವಿವರಣೆ ಕೊಡ್ತಿದ್ದೀಯಲ್ಲಮ್ಮ," ಎಂದು ಮೇಡಂ ನೊಂದುಕೊಂಡರು.

ಫಲಿತಾಂಶ ನಿಯಮಬದ್ಧವಾಗಿತ್ತು. ಅವಲೋಕನ ಮಾಡಿದವರಿಗೇ ಪದವಿ ಸಲ್ಲಬೇಕಾದ್ದರಿಂದ ಅದು ಅಪ್ಪನಿಗೆ ಸಂದಿತು. ಮಗಳು ಮೌನದ ಕೊರತೆಯಿಂದ ಅನುತ್ತೀರ್ಣಳಾದಳು. ಅಪ್ಪನನ್ನು ವಿಭಾಗದಲ್ಲೇ ಉಪನ್ಯಾಸಕರನ್ನಾಗಿ ಇಟ್ಟುಕೊಂಡರು. ದಿನಾ ಸೂಜಿ ಕಚ್ಚಿಕೊಂಡು ತರಗತಿಯಲ್ಲಿ ನಿಲ್ಲುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ. ಮೊದಮೊದಲು ಅವರಿಗೆ ಸಂಕೋಚವಾಗುತ್ತಿತ್ತು. ಸಂಬಳ ಬಂದ ಮೇಲೆ ವಾಸಿಯಾಯಿತು.

ಅಂಗಡಿ ಈಗ ಮಗಳದು. ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಪ್ಪನ ಫೋಟೋ ಹಾಕಿದ್ದಾಳೆ, ಕುಗ್ಗಿಸದೆ, ಮೊದಲಿದ್ದಷ್ಟೇ ದೊಡ್ಡದು. ಮೊನ್ನೆ ಕತ್ತಲಪ್ಪ ಕೋಟು ಹೊಲಿಸಲು ಬಂದಿದ್ದ. ಅದನ್ನು ನೋಡಿದವನೇ ಗೊಳ್ಳೆಂದು ನಕ್ಕ. ಮರುಕ್ಷಣವೇ ನಗು ನುಂಗಿಕೊಂಡು ಚೌಕಟ್ಟಿನ ಕೆಳಗೆಲ್ಲ ಹುಡುಕಾಡಿದ.

"ಏನೂ ಬರೆದಿಲ್ವಲ್ಲ? ಏನಂತ ಅರ್ಥ ಮಾಡ್ಕೋಬೇಕು ಇದನ್ನ?"

ಅವನ ತೋಳು ಅವಳ ಕೈಯಲ್ಲಿತ್ತು, ಸೂಜಿಗಳು ಬಾಯಲ್ಲಿದ್ದವು. ಅವಳು ಅವನನ್ನೇ ನೋಡಿದಳು.

"ಓ," ಎಂದ ಕತ್ತಲಪ್ಪ, ದನಿ ತಗ್ಗಿಸಿ. "ನೀನೂ ಆ ಮಟ್ಟಕ್ಕೆ ಬಂದ್ಬಿಟ್ಟೆ."

ಭಕ್ತಿಯಿಂದ ಕ್ಯಾಮೆರಾ ಎತ್ತಿ ಅವಳ ಫೋಟೋ ತೆಗೆದುಕೊಂಡ. ಮುಚ್ಚಳ ಹಾಗೇ ಇತ್ತು. ಅವಳು ಇನ್ನೊಂದು ತೋಳು ಚಾಚುವಂತೆ ಕೈಸನ್ನೆ ಮಾಡಿದಳು.