ಪರದೆಯ ಮೇಲೆ ನಮ್ಮ ವಂಶವೃಕ್ಷ

ಕಂಪ್ಯೂಟರಿನಲ್ಲಿ ನಾಲ್ಕು ಚೌಕ, ಎರಡು ಬಾಣ ಬರೆಯಲು ಬಂದರೆ ಸಾಕು, ಮನುಷ್ಯನಿಗೆ ತಾನು ಚಿತ್ರಕಾರನೆಂಬ ಭ್ರಮೆ ಹತ್ತಿಕೊಳ್ಳುತ್ತದೆ. ನನಗಂತೂ ಹತ್ತಿ ಬಹಳ ದಿನವಾಗಿತ್ತು. ಕೊಲ್ಹಾಪುರದ ಹತ್ತಿರ ಶಿರೋಳಿಯಲ್ಲಿ, ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯ ಆಫೀಸಿನಲ್ಲಿ ನನ್ನ ಕೆಲಸ. ಎರಕ ಎಲ್ಲಿ ಕೆಡುತ್ತಿದೆ ಎಂಬುದನ್ನು ಸಾಹೇಬರ ಮೀಟಿಂಗಿನಲ್ಲಿ ಸ್ಲೈಡ್ ಮಾಡಿ ತೋರಿಸಬೇಕು. ಕೆಟ್ಟದ್ದಕ್ಕೆ ಕೆಂಪು ಬಾಣ, ಒಳ್ಳೆಯದಕ್ಕೆ ಹಸಿರು ಬಾಣ ಹಾಕುತ್ತ ಹಾಕುತ್ತ, ಬಾಣ ಹಾಕಿ ತಿಳಿಸಲಾಗದ ವಿಷಯ ಈ ಜಗತ್ತಿನಲ್ಲಿ ಯಾವುದೂ ಇಲ್ಲವೆಂದು ನಂಬಿಬಿಟ್ಟಿದ್ದೆ.

ಹೋದ ತಿಂಗಳು, ಗಡಿಯ ಹಳ್ಳಿ ನೂಲದಲ್ಲಿರುವ ನಮ್ಮ ದೊಡ್ಡಪ್ಪನಿಗೆ ಎಪ್ಪತ್ತೈದು ತುಂಬಿತು. ಗಡಹಿಂಗ್ಲಜದ ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಹಾಲಿನಲ್ಲಿ, ಊಟವೆಂದು ನಿಶ್ಚಯವಾದಾಗ, "ನಮ್ಮ ಮನೆತನದ ವಂಶವೃಕ್ಷಾ ಪರದೆ ಮ್ಯಾಲ ನಾ ತೋರಸ್ತೇನಿ" ಎಂದು ಮುಂದೆ ಬಿದ್ದು ಹೇಳಿದೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಎರಕಕ್ಕೆ ಬಗ್ಗಿದ ಆಕಾರಗಳು ನೆಂಟರಿಗೆ ಬಗ್ಗಲಿಲ್ಲ. ದೊಡ್ಡಪ್ಪನ ಫೋಟೋ ಕೂರಿಸಲು ವೃತ್ತ ಎಳೆದರೆ ಅದು ಮೊಟ್ಟೆಯಾಗುತ್ತಿತ್ತು. ಶಿಫ್ಟ್ ಕೀಲಿ ಒತ್ತಿ ಹಿಡಿಯಬೇಕೆಂದು ನೆನಪಾಗುವಷ್ಟರಲ್ಲಿ ಅವರು ಕುಂಬಳಕಾಯಿಯಂತೆ ಉಬ್ಬಿದ್ದರು. ಒಂದು ಚೌಕ ಸರಿಸಿದರೆ ಅದಕ್ಕಂಟಿದ ಗೆರೆಯೂ ಜೊತೆಗೆ ಬರುತ್ತಿತ್ತು. ಒಮ್ಮೆಯಂತೂ ಕಾಕಾನಿಂದ ಹೊರಟ ಗೆರೆ ಕಾಕಿಯನ್ನು ಬಿಟ್ಟು ಅವರ ಬೀಗಿತ್ತಿಗೆ ಹೋಗಿ ಅಂಟಿಕೊಂಡಿತು. ಬೆನ್ನ ಹಿಂದೆ ನಿಂತಿದ್ದ ನನ್ನ ಹೆಂಡತಿ, ಕೊಲ್ಹಾಪುರದವಳು, "ಅಹೋ, ಹೇ ಕಾಯ್? ಏನ್ರಿ ಇದು? ಕಾಕಿ ನೋಡಿದ್ರ ನಿಮಗ ನೀರೂ ಕೊಡೂದಿಲ್ಲ" ಎಂದು ನಕ್ಕಳು.

ತಿದ್ದಿದೆ. ಎಲ್ಲರೂ ಅವರವರ ಜಾಗದಲ್ಲಿ ಕೂತರು. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಲಗಡೆಯ ಮೂಲೆಯಲ್ಲಿ ಬಿಚ್ಚಿದ ಓಲೆಯಂಥ ಬಂಗಾರ ಬಣ್ಣದ ಸುರುಳಿಯೊಂದನ್ನು ಬರೆದು, ಅದರಲ್ಲಿ 'ರಚನೆ' ಎಂದು ಬರೆದು ಅದರ ಮುಂದೆ ನನ್ನ ಹೆಸರು ಹಾಕಿದೆ. ಅಕ್ಷರ ಸಣ್ಣದೆನಿಸಿತು. ಸುರುಳಿಯನ್ನು ತುಸು ಎಳೆದೆ. ಮತ್ತೂ ತುಸು ಎಳೆದೆ.

ಕಾರ್ಯಾಲಯದಲ್ಲಿ ಪರದೆ ಬೆಳಗಿದ್ದೇ ತಡ, ತಮ್ಮ ತಮ್ಮ ಹೆಸರು ಹುಡುಕುವ ಗದ್ದಲ ಶುರುವಾಯಿತು. ಮುಂದಿನ ಸಾಲಿನಲ್ಲಿ ಸುಶೀಲತ್ತಿ ಕೂತಿದ್ದಳು. ದೊಡ್ಡಪ್ಪನ ತಂಗಿ, ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಮ್ಮನ್ನೆಲ್ಲ ಎರೆದು ಉಣಿಸಿ ದೊಡ್ಡವರನ್ನಾಗಿ ಮಾಡಿದವಳು. ಅವಳು ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಕೇಳಿದಳು.

"ತಮ್ಮಾ, ನಾ ಎಲ್ಲಿ ಅದೇನಿ?"

"ಬಲಕ್ಕ ನೋಡು ಅತ್ತಿ, ಅಪ್ಪನ ಬಾಜೂಕ."

"ಅಲ್ಲಿ ನಿನ್ನ ಹೆಸರ ಐತಲ್ಲೊ!"

ಲ್ಯಾಪ್‌ಟಾಪಿನತ್ತ ಓಡಿ ಸುರುಳಿಯನ್ನು ಹಿಡಿದು ಜಗ್ಗಿದೆ. ಮೌಸಿನ ಬಾಣ ಗುರಿ ತಪ್ಪುವುದು ಪರದೆಯ ಮೇಲೆ ಎಲ್ಲರಿಗೂ ದೊಡ್ಡದಾಗಿ ಕಾಣುತ್ತಿತ್ತು. ಸುರುಳಿ ಸರಿದ ಹಾಗೆ ಅದರ ಅಡಿಯಿಂದ ಗುಲಾಬಿ ಚೌಕವೊಂದು ಹೊರಬಿತ್ತು: ಸುಶೀಲಾ. ದೊಡ್ಡಪ್ಪ, "ಅಕಿನ ಮ್ಯಾಲ ಕುಂತಿದ್ದೇನೋ, ಮಗನ?" ಎಂದರು.

ಅತ್ತಿಯೇ ಅಂದಳು: "ಇರ್ಲಿ ಬಿಡ್ರಿ ಅಣ್ಣಾ. ಸಣ್ಣಾವ ಇದ್ದಾಗ ತೊಡಿ ಮ್ಯಾಲ ಕುಂಡರ್ತಿದ್ದ, ಈಗ ಹೆಸರಿನ ಮ್ಯಾಲ ಕುಂತಾನ. ಭಾಳ ಭಾರ ಏನಿಲ್ಲ."

ಸಭೆ ನಕ್ಕಿತು. ನನಗೆ ನಗಲಾಗಲಿಲ್ಲ. ಸುರುಳಿಯನ್ನೇ ಅಳಿಸಿಬಿಟ್ಟೆ.

"ಅಯ್ಯ, ಈಗ ನೀ ಎಲ್ಲಿ ಹೋದ್ಯೋ?" ಎಂದಳು ಅತ್ತಿ.

ನೋಡಿದರೆ, ಎಲ್ಲರನ್ನೂ ಕೂರಿಸುವ ಅವಸರದಲ್ಲಿ ನನಗೊಂದು ಚೌಕವನ್ನೇ ಹಾಕಿರಲಿಲ್ಲ. ಹೆಂಡತಿ, ಮಕ್ಕಳು ಯಾರದೋ ಮನೆಯವರಂತೆ ಗೆರೆಯ ತುದಿಯಲ್ಲಿ ತೂಗುತ್ತಿದ್ದರು.

"ನಿಮ್ಮಪ್ಪನ ಕೆಳಗ ಒಂದ ಡಬ್ಬಿ ಹಾಕ್ಕೊ," ಅತ್ತಿ ಅಪ್ಪಣೆ ಕೊಟ್ಟಳು.

ಅಷ್ಟೂ ಜನರ ಎದುರಿಗೆ ಒಂದು ಡಬ್ಬಿ ಬರೆದೆ. ತೀರ ಸಣ್ಣದಾಯಿತು, ಹೆಸರಿನ ಅರ್ಧ ಹೊರಗೆ ಚೆಲ್ಲಿತು. "ತುಸು ಹಿಗ್ಗಸ್ರಿ" ಎಂದು ಹೆಂಡತಿ ಕಿವಿಯಲ್ಲಿ ಉಸುರಿದಳು. ಧೈರ್ಯವಾಗಲಿಲ್ಲ; ಅರ್ಧ ಹೆಸರಿನಲ್ಲಿಯೇ ಹೋಗಿ ಊಟಕ್ಕೆ ಕೂತೆ.