ಮುಚ್ಚದೆ ಉಳಿದ ಸಾಕೆಟ್‌ಗಳು

ಆಫೀಸಿನಲ್ಲಿ ಏನಾದರೂ ಕೆಟ್ಟಾಗಲೆಲ್ಲ ನಗುವಂಥದ್ದೂ ಒಂದು ನಡೆದೇ ನಡೆಯುತ್ತದೆ. ನಗುವ ಸ್ಥಿತಿಯಲ್ಲಿ ಮಾತ್ರ ನಾವು ಇರುವುದಿಲ್ಲ.

ನಾನು ಕಾಸರಗೋಡಿನವಳು. ತೊಂಬತ್ತರ ದಶಕದ ಕೊನೆಗೆ ಕೊಚ್ಚಿಯ ಒಂದು ಸರಕು ಸಾಗಣೆ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ತಾತ್ಕಾಲಿಕ ಕೆಲಸ. ನಮ್ಮ ಲೆಕ್ಕವನ್ನು ತಿರುವನಂತಪುರದ ಹೆಡ್ ಆಫೀಸಿಗೆ ಕಳಿಸುವ ನನ್ನ ಪ್ರೋಗ್ರಾಂ ದಿನವಿಡೀ ನಡೆದರೆ ಮಾತ್ರ ಖಾಯಂ ಎಂದಿದ್ದರು. ಅದು ಊಟದ ಹೊತ್ತಿಗೇ ನಿಲ್ಲುತ್ತಿತ್ತು.

ಕಾರಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಎರಡು ಕಂಪ್ಯೂಟರುಗಳು ಮಾತಾಡಲು ತೆರೆಯುವ ಬಾಗಿಲಿಗೆ ಸಾಕೆಟ್ ಎನ್ನುತ್ತಾರೆ. ಮಾತು ಮುಗಿದ ಮೇಲೆ ಮುಚ್ಚಬೇಕು. ಮುಚ್ಚದೆ ಬಿಟ್ಟವು ಮಿತಿ ಮೀರಿದರೆ ಯಂತ್ರ ಹೊಸದನ್ನು ತೆರೆಯುವುದಿಲ್ಲ.

೧. ಟೇಪು

"ಏನು ತೊಂದರೆ?" ಎಂದು ಮ್ಯಾನೇಜರ್ ಕೇಳಿದರು.

"ಸಾಕೆಟ್ ಜಾಸ್ತಿ ತೆರೆದಿವೆ ಸಾರ್."

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಅವರು ಕರೆಸಿದ ಎಲೆಕ್ಟ್ರಿಷಿಯನ್ ಪ್ಲಗ್ಗುಗಳನ್ನೆಲ್ಲ ಕಿತ್ತು, ಗೋಡೆಯ ಸಾಕೆಟ್ಟುಗಳಿಗೆ ಕಪ್ಪು ಟೇಪು ಅಂಟಿಸಿದ್ದ.

"ಇನ್ನು ಒಂದೂ ತೆರೆದಿಲ್ಲ ಮೋಳೇ," ಎಂದು ಮಗಳನ್ನು ಕರೆದ ಹಾಗೆ ಹೇಳಿದ.

ಆ ದಿನ ಪ್ರೋಗ್ರಾಂ ಮಧ್ಯದಲ್ಲಿ ನಿಲ್ಲಲಿಲ್ಲ. ಶುರುವೇ ಆಗಿರಲಿಲ್ಲ.

೨. ಕೊನೆಯ ಸಾಲು

ಪಕ್ಕದ ಮೇಜಿನ ಹಿರಿಯ ಪ್ರೋಗ್ರಾಮರನ್ನು ನಾವು ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆವು. ಪ್ರೋಗ್ರಾಂ ಯಾಕೆ ನಿಲ್ಲುತ್ತದೆಂದು ಅವರನ್ನು ಕೇಳಿದೆ.

"ಸಾಕೆಟ್ ಮುಚ್ಚುವ ಸಾಲು ಬರೆದಿದ್ದೀಯಾ?" ಎಂದರು.

"ಬರೆದಿದ್ದೇನೆ ಚೇಟ್ಟಾ. ಎಲ್ಲ ಕಳಿಸಿ ಆದ ಮೇಲೆ, ಕೊನೆಯಲ್ಲಿ."

"ನಮ್ಮ ಟೆಲಿಫೋನ್ ಲೈನು ಯಾವತ್ತಾದರೂ ಕೊನೆಯವರೆಗೆ ಇದ್ದದ್ದುಂಟಾ?"

೩. ಅಡಯ್ಕಣಂ

ಲೈನು ಕಡಿದಾಗಲೂ ಮುಚ್ಚುವಂತೆ ತಿದ್ದಿದೆ. ತಿರುವನಂತಪುರದ ಯಂತ್ರದಲ್ಲಿ ನಮ್ಮ ಹಳೆಯ ಸಾಕೆಟ್‌ಗಳು ತೆರೆದೇ ಇದ್ದವು; ಅಲ್ಲಿಯ ದೊಡ್ಡ ಸಾಹೇಬರಿಗೆ ಫೋನ್ ಮಾಡಿದೆ. ಟೇಪಿನ ಹೆದರಿಕೆಯಿಂದ ಸಾಕೆಟ್ ಎಂಬ ಶಬ್ದವನ್ನೇ ಬಿಟ್ಟು, ಮಲಯಾಳದಲ್ಲಿ, "ಸಾರ್, ಕೊಚ್ಚಿಯದ್ದು ಅಡಯ್ಕಣಂ," ಎಂದೆ. ಮುಚ್ಚಬೇಕು ಎಂದರ್ಥ.

ಅವರು ದನಿ ತಗ್ಗಿಸಿ ಕೇಳಿದರು: "ಪೂರ್ತಿಯಾ?"

"ಪೂರ್ತಿ ಸಾರ್. ತೆರೆದಿಟ್ಟಷ್ಟೂ ನಿಮಗೇ ಭಾರ."

"ನಿನಗೆ ಯಾರು ಹೇಳಿದ್ದು?"

"ನಾನೇ ಕಂಡುಹಿಡಿದದ್ದು."

"ಆರ್ಡರ್ ಬರುವವರೆಗೆ ಯಾರಿಗೂ ಹೇಳಬೇಡ," ಎಂದು ಫೋನ್ ಇಟ್ಟರು.

ಆರ್ಡರ್ ಬಂತು. ಕೊಚ್ಚಿಯ ಆಫೀಸನ್ನೇ ಮುಚ್ಚುವುದೆಂದು ಅವರು ಮೊದಲೇ ಗುಟ್ಟಾಗಿ ನಿರ್ಧರಿಸಿದ್ದರಂತೆ. ಎಲ್ಲರ ಕೆಲಸವೂ ಹೋಯಿತು. ಮ್ಯಾನೇಜರ್ ಆ ಕಾಗದ ಹಿಡಿದುಕೊಂಡೇ ನನ್ನ ಮೇಜಿಗೆ ಬಂದರು.

"ಪ್ರೋಗ್ರಾಂ ಏನಾಯಿತು?"

"ಸರಿಯಾಗಿದೆ ಸಾರ್. ಇನ್ನು ನಿಲ್ಲುವುದಿಲ್ಲ."

"ಹಾಗಾದರೆ ಅದನ್ನು ನಿಲ್ಲಿಸುವುದು ಹೇಗೆಂದು ಬರೆದಿಟ್ಟು ಹೋಗು."